ಹನ್ನೆರಡು ವೋಲ್ಟ್ ಕೊಡುವ ಸುಳ್ಳು ಧೈರ್ಯ

ಒಣ ಕೈಯಿಂದ ವಾಹನದ ಬ್ಯಾಟರಿಯ ಎರಡೂ ಟರ್ಮಿನಲ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಗ್ಯಾರೇಜಿಗೆ ಕೆಲಸ ಕಲಿಯಲು ಬಂದ ಹುಡುಗನಿಗೆ ಮೊದಲ ವಾರವೇ ಇದು ಗೊತ್ತಾಗುತ್ತದೆ. ಅಂದಿನಿಂದ ಅವನಿಗೆ ಬ್ಯಾಟರಿಯ ಭಯ ಹೋಗಿಬಿಡುತ್ತದೆ. ಗೋಡೆಯೊಳಗಿನ 230 ವೋಲ್ಟ್ ಜೀವ ತೆಗೆಯುತ್ತದೆ, ಬಾನೆಟ್ ಕೆಳಗಿನ 12 ವೋಲ್ಟ್ ಏನೂ ಮಾಡದು ಎಂಬುದು ನಮ್ಮೆಲ್ಲರ ತಿಳಿವಳಿಕೆ. ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಊರಾದ ಹುಬ್ಬಳ್ಳಿ-ಧಾರವಾಡದಲ್ಲಿ ದಶಕಗಳಿಂದ ಇದೇ ತಿಳಿವಳಿಕೆಯ ಮೇಲೆ ಕೆಲಸ ಸಾಗಿದೆ. ವಾಹನದ ಬ್ಯಾಟರಿಯ ಮೇಲಿನ ಹೊರೆ ದೀಪ, ಹಾರ್ನ್, ವೈಪರ್, ಹೆಚ್ಚೆಂದರೆ ಒಂದು ಟೇಪ್ ರೆಕಾರ್ಡರಿಗೆ ಮುಗಿಯುತ್ತಿದ್ದಾಗ ಅದು ಸಾಲುತ್ತಲೂ ಇತ್ತು. ಈಗ ಹೊರೆ ಬದಲಾಗಿದೆ. ಟಿಟಿ ಎಂದು ಕರೆಯುವ ಟೆಂಪೊ ಟ್ರಾವೆಲರಿನ ಸೀಟು ಬಿಚ್ಚಿ ಹಾಸಿಗೆ, ಫ್ರಿಜ್, ಇಂಡಕ್ಷನ್ ಒಲೆ ಕೂರಿಸಿಕೊಂಡು ದಾಂಡೇಲಿ, ಗೋಕರ್ಣ, ಬಾದಾಮಿ, ಹಂಪಿ ಸುತ್ತುವ ಆಸೆ ಹಬ್ಬುತ್ತಿದೆ. ಪಕ್ಕದ ಕೇರಳ ಮತ್ತು ಮಹಾರಾಷ್ಟ್ರ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆಂದು ಪ್ರತ್ಯೇಕ ನೀತಿ ತಂದಿವೆ. ಮನೆಯೇ ಚಕ್ರದ ಮೇಲೆ ಹೊರಟಿರುವಾಗ ಹಳೆಯ ಧೈರ್ಯವನ್ನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಬೇಕು. ಇಂಥ ಕ್ಯಾಂಪರ್ ವ್ಯಾನಿನಲ್ಲಿ ಹೆಚ್ಚಿನ ಅಪಾಯ ಬರುವುದು ವೋಲ್ಟ್‌ನಿಂದಲ್ಲ, ಆಂಪಿಯರ್‌ನಿಂದ. ಅಷ್ಟೇ ವಾಟ್ ಬೇಕಾದಾಗ ವೋಲ್ಟ್ ಇಳಿದಷ್ಟೂ ಆಂಪಿಯರ್ ಏರುತ್ತದೆ. ಹಾಗಾಗಿ ವ್ಯಾನಿನ ಸುರಕ್ಷತೆಯನ್ನು ಬ್ಯಾಟರಿಯ ಬೆಲೆಯಲ್ಲಿ ಹುಡುಕದೆ, ತಂತಿಯ ದಪ್ಪದಲ್ಲಿ, ಫ್ಯೂಸ್ ಕೂತ ಜಾಗದಲ್ಲಿ, ಬೋಲ್ಟಿನ ಬಿಗಿಯಲ್ಲಿ ಹುಡುಕಬೇಕು ಎಂಬುದು ನನ್ನ ವಾದ.

ಲೆಕ್ಕ ಕಷ್ಟದ್ದಲ್ಲ. 1200 ವಾಟ್‌ನ ಇಂಡಕ್ಷನ್ ಒಲೆ ಮನೆಯಲ್ಲಿ 230 ವೋಲ್ಟ್ ಮೇಲೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದೇ ಒಲೆ ವ್ಯಾನಿನಲ್ಲಿ 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಉರಿಯಬೇಕಾದರೆ ಬ್ಯಾಟರಿ 100 ಆಂಪಿಯರ್ ಕೊಡಬೇಕು. ಇನ್ವರ್ಟರಿನೊಳಗೆ ಸೋರಿಹೋಗುವುದನ್ನು ಸೇರಿಸಿದರೆ 115ರ ಹತ್ತಿರ. ಸ್ಟಾರ್ಟರ್ ಮೋಟಾರೂ ನೂರಾರು ಆಂಪಿಯರ್ ಎಳೆಯುತ್ತದಲ್ಲ, ಅದರಿಂದ ಬೆಂಕಿ ಬಿದ್ದದ್ದುಂಟೇ ಎಂದು ಕೇಳಬಹುದು. ಸ್ಟಾರ್ಟರ್ ಎಳೆಯುವುದು ಎರಡು ಮೂರು ಸೆಕೆಂಡು. ತಂತಿ ಬಿಸಿಯಾಗುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಅನ್ನ ಬೇಯಲು ಅರ್ಧ ತಾಸು ಬೇಕು. ಮನೆಯ ಪ್ಲಗ್ಗಿಗೆ ಎಲೆಕ್ಟ್ರಿಷಿಯನ್ನರು ಎಳೆಯುವ ಎರಡೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ತಂತಿಯನ್ನೇ ಇಲ್ಲಿಯೂ ಬಳಸಿದರು ಎಂದಿಟ್ಟುಕೊಳ್ಳಿ. ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗಲು ಮೂರು ಮೀಟರ್, ಬರಲು ಮೂರು ಮೀಟರ್. ಆ ಆರು ಮೀಟರ್ ತಂತಿಯ ತಡೆ ಓಮ್‌ನ ನೂರನೇ ನಾಲ್ಕು ಭಾಗದಷ್ಟು. ಅದರಲ್ಲಿ 100 ಆಂಪಿಯರ್ ಹರಿದರೆ 400 ವಾಟ್‌ಗೂ ಹೆಚ್ಚು ಶಾಖ ತಂತಿಯಲ್ಲೇ ಹುಟ್ಟುತ್ತದೆ. ಒಲೆಯ ಮೇಲಿನ ಪಾತ್ರೆಗಿಂತ ಮೊದಲು ಹಲಗೆಯ ಹಿಂದಿನ ತಂತಿಯ ಪ್ಲಾಸ್ಟಿಕ್ ಕವಚ ಕರಗುತ್ತದೆ. ಅಲ್ಲಿ 35 ಸ್ಕ್ವೇರ್ ತಂತಿ ಇದ್ದರೆ ಅದೇ ಶಾಖ 30 ವಾಟ್‌ಗೆ ಇಳಿದು, ಆರು ಮೀಟರಿನುದ್ದಕ್ಕೂ ಹಂಚಿಹೋಗಿ, ಕೈಗೆ ಉಗುರುಬೆಚ್ಚಗೆ ತಾಗುತ್ತದೆ, ಅಷ್ಟೆ. ಒಲೆ ಅದೇ, ಬ್ಯಾಟರಿ ಅದೇ, ಅಡುಗೆಯೂ ಅದೇ. ವ್ಯತ್ಯಾಸ ಇರುವುದು ಕಿರುಬೆರಳಿನ ದಪ್ಪದ ತಂತಿಗೂ ಕಡ್ಡಿಯಂಥ ತಂತಿಗೂ ನಡುವೆ.

ತಂತಿಗಿಂತಲೂ ಹೆಚ್ಚು ಕಾಡುವುದು ತಂತಿ ಕೂಡುವ ಜಾಗ. ತಂತಿಯ ತುದಿಗೆ ಹಾಕುವ ತಾಮ್ರದ ಲಗ್ ಒಂದನ್ನು ಹತ್ತಿರದಿಂದ ನೋಡಿ. ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತಿದ್ದರೆ ಒಳಗಿನ ನೂರಾರು ಎಳೆಗಳು ಒಂದೇ ಗಟ್ಟಿ ಲೋಹದಂತೆ ಬೆಸೆದುಕೊಂಡಿರುತ್ತವೆ, ಎಳೆದರೂ ಬಾರವು. ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ್ದರೆ ಎಳೆಗಳ ನಡುವೆ ಗಾಳಿ ಉಳಿದಿರುತ್ತದೆ, ಆ ಗಾಳಿಯ ಜೊತೆ ಮಳೆಗಾಲದ ತೇವ ಸೇರುತ್ತದೆ, ಆರು ತಿಂಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಂಥ ಕೂಡುಜಾಗದ ತಡೆ ಓಮ್‌ನ ನೂರನೇ ಒಂದು ಭಾಗಕ್ಕೆ ಏರಿದರೂ ಸಾಕು. ಶಾಖ ಏರುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ ಆದ್ದರಿಂದ 100 ಆಂಪಿಯರಿಗೆ ಆ ಒಂದೇ ಬೋಲ್ಟಿನ ಮೇಲೆ 100 ವಾಟ್ ಶಾಖ ಕೂತಿರುತ್ತದೆ. ಹಿಂದೆ ಮನೆಯ ನಡುಮನೆಯಲ್ಲಿ ಉರಿಯುತ್ತಿದ್ದ ನೂರು ಕ್ಯಾಂಡಲ್ ಬಲ್ಬನ್ನು ನೆನಪಿಸಿಕೊಳ್ಳಿ. ಬರಿಗೈಲಿ ಹಿಡಿಯಲಾಗದ ಆ ಬಿಸಿ ಅಡಿಕೆಯಷ್ಟು ಜಾಗದಲ್ಲಿ, ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ, ಹಾಸಿಗೆಯ ಕೆಳಗೆ. ಇದೇ ದೋಷ ಮನೆಯ ಸ್ವಿಚ್‌ಬೋರ್ಡಿನಲ್ಲಿದ್ದರೆ 5 ಆಂಪಿಯರಿಗೆ ಕಾಲು ವಾಟ್ ಶಾಖ ಹುಟ್ಟುತ್ತಿತ್ತು, ಯಾರ ಗಮನಕ್ಕೂ ಬರುತ್ತಿರಲಿಲ್ಲ. ಮನೆ ಕ್ಷಮಿಸುವ ತಪ್ಪನ್ನು ವ್ಯಾನ್ ಕ್ಷಮಿಸುವುದಿಲ್ಲ. ಮೇಲಾಗಿ ಮನೆ ನಿಂತಲ್ಲೇ ನಿಂತಿರುತ್ತದೆ. ವ್ಯಾನ್ ಅರಬೈಲ್ ಘಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ನಡುಗುತ್ತದೆ. ನಡುಕಕ್ಕೆ ಬೋಲ್ಟ್ ಸಡಿಲುತ್ತದೆ, ಸಡಿಲಾದದ್ದು ಬಿಸಿಯಾಗುತ್ತದೆ, ಬಿಸಿಗೆ ಹಿಗ್ಗಿ ಕುಗ್ಗಿ ಇನ್ನಷ್ಟು ಸಡಿಲುತ್ತದೆ. ತಗಡಿನ ತೂತಿನೊಳಗಿಂದ ಹಾದುಹೋದ ತಂತಿಗೆ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ಅದೇ ನಡುಕ ತಗಡಿನ ಅಂಚನ್ನು ಗರಗಸ ಮಾಡಿಬಿಡುತ್ತದೆ. ಅಗ್ಗಕ್ಕೆ ಸಿಗುವ, ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ತಂತಿಯಂತೂ ಅದೇ ದಪ್ಪಕ್ಕೆ ಹೆಚ್ಚು ಬಿಸಿಯಾಗುತ್ತದೆ, ಬಾಗಿದಲ್ಲಿ ಬೇಗ ಮುರಿಯುತ್ತದೆ.

ಇಲ್ಲಿ ಫ್ಯೂಸಿನ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಯೊಂದನ್ನು ತಿದ್ದಬೇಕು. ಫ್ಯೂಸ್ ಇರುವುದು ಫ್ರಿಜ್ಜನ್ನೋ ಟಿವಿಯನ್ನೋ ಕಾಪಾಡಲು ಎಂದು ಬಹಳ ಜನ ತಿಳಿದಿದ್ದಾರೆ. ಫ್ಯೂಸ್ ಕಾಯುವುದು ತಂತಿಯನ್ನು. ತಂತಿ ಎಷ್ಟು ಆಂಪಿಯರ್ ತಾಳುತ್ತದೋ ಅದಕ್ಕಿಂತ ಕಡಿಮೆಗೆ ಫ್ಯೂಸ್ ಹಾರಬೇಕು. ಪದೇ ಪದೇ ಹಾರುತ್ತಿದೆ ಎಂದು ದೊಡ್ಡ ಫ್ಯೂಸ್ ಹಾಕಿದರೆ ತಂತಿಯೇ ಫ್ಯೂಸ್ ಆಗುತ್ತದೆ. ಹಾಗೆಯೇ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಇನ್ವರ್ಟರಿನ ಬಳಿ ಫ್ಯೂಸ್ ಕೂರಿಸಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಮೂರು ಮೀಟರ್ ತಂತಿಗೆ ದಿಕ್ಕಿಲ್ಲ. ಆ ದಾರಿಯಲ್ಲಿ ಎಲ್ಲಾದರೂ ಕವಚ ಸವೆದು ತಂತಿ ಚಾಸಿಗೆ ತಾಗಿದರೆ ಬ್ಯಾಟರಿ ಸಾವಿರ ಆಂಪಿಯರಿಗೂ ಹೆಚ್ಚು ಸುರಿಯಬಲ್ಲದು, ತಡೆಯುವವರು ಯಾರೂ ಇರುವುದಿಲ್ಲ. ಸಮುದ್ರದ ನಡುವೆ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿರದ ದೋಣಿಗಳಿಗೆ ಅಮೆರಿಕದಲ್ಲಿ ಬರೆದಿಟ್ಟ ಮಾನದಂಡ ಬ್ಯಾಟರಿಯಿಂದ ಏಳು ಇಂಚಿನೊಳಗೆ ಫ್ಯೂಸ್ ಇರಬೇಕು ಎನ್ನುತ್ತದೆ. ನಮ್ಮ ಅಳತೆಯಲ್ಲಿ ಅದು ಒಂದು ಗೇಣಿಗೂ ಕಡಿಮೆ. ಇನ್ನು, ಮನೆಗೆ ತಂದ ಎಂಸಿಬಿಯಲ್ಲಿ ಉಳಿದ ಒಂದನ್ನು ವ್ಯಾನಿಗೆ ಹಾಕುವುದು ಸುಲಭದ ದಾರಿಯಂತೆ ಕಾಣುತ್ತದೆ; ಅದು ಅಪಾಯದ ದಾರಿ. ಮನೆಯ ಎಸಿ ವಿದ್ಯುತ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ, ಸ್ವಿಚ್ ತೆರೆದಾಗ ಹುಟ್ಟುವ ಕಿಡಿ ಆ ಸೊನ್ನೆಯಲ್ಲಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿಗೆ ಅಂಥ ಸೊನ್ನೆ ಇಲ್ಲ. ಕಿಡಿ ಹಾಗೇ ಹಿಡಿದುಕೊಂಡು ಎಂಸಿಬಿಯ ಒಳಗನ್ನೇ ಸುಡಬಹುದು. ಡಿಸಿಗೆಂದೇ ಮಾಡಿದ ಬ್ರೇಕರ್, ಲಿಥಿಯಂ ಬ್ಯಾಟರಿಯಾದರೆ ಸಾವಿರಾರು ಆಂಪಿಯರನ್ನು ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸ್ ಬೇಕು ಎಂಬುದು ಇದೇ ಕಾರಣಕ್ಕೆ.

ಇಷ್ಟು ಚಿಕ್ಕ ಸಂಗತಿಗಳಿಗೆ ಇಷ್ಟು ದೊಡ್ಡ ಮಾತೇಕೆ ಎನ್ನುವವರು ವಾಹನದೊಳಗಿನ ಬೆಂಕಿಗೆ ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ನೆನೆಯಬೇಕು. ಉತ್ತರ ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. 2013ರ ನವೆಂಬರ್ 14ರ ನಸುಕಿನಲ್ಲಿ ಬೆಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಬಸ್ಸು ಹಾವೇರಿ ಜಿಲ್ಲೆಯಲ್ಲಿ ಸೇತುವೆಯ ತಡೆಗೋಡೆಗೆ ಬಡಿದು ಹೊತ್ತಿಕೊಂಡು ಏಳು ಜನ ಸುಟ್ಟುಹೋದರು. 2025ರ ಅಕ್ಟೋಬರ್ 14ರಂದು ಜೈಸಲ್ಮೇರಿನಿಂದ ಜೋಧಪುರಕ್ಕೆ ಹೊರಟಿದ್ದ ಸ್ಲೀಪರ್ ಬಸ್ಸಿನ ಬೆಂಕಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಎಸಿ ಇಲ್ಲದ ಬಸ್ಸನ್ನು ಎಸಿ ಬಸ್ಸಾಗಿ ಮಾರ್ಪಡಿಸಿದ್ದು ಆಗ ಚರ್ಚೆಗೆ ಬಂತು. ಹತ್ತು ದಿನಗಳ ನಂತರ, ಅಕ್ಟೋಬರ್ 24ರಂದು, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದು 19 ಪ್ರಯಾಣಿಕರು ಸತ್ತರು. ಅಲ್ಲಿ ಮೊದಲ ಕಿಡಿ ಬಸ್ಸಿನ ಕೆಳಗೆ ಸಿಕ್ಕಿಕೊಂಡ ಬೈಕಿನದು. ಆದರೆ ಬಸ್ಸಿನ ಬ್ಯಾಟರಿಗಳೂ ಸರಕಿನಲ್ಲಿದ್ದ ಮೊಬೈಲ್ ಫೋನುಗಳ ಬ್ಯಾಟರಿಗಳೂ ಸಿಡಿದು ಬೆಂಕಿಯನ್ನು ಹೆಚ್ಚಿಸಿದವು ಎಂದು ಅಧಿಕಾರಿಗಳು ಹೇಳಿದರು. ಈ ಮೂರರ ಕಾರಣ ಬೇರೆ ಬೇರೆ. ಮೂರರಲ್ಲೂ ಒಂದೇ ಆಗಿದ್ದದ್ದು ಇಕ್ಕಟ್ಟಾದ ದಾರಿ, ಬೇಗ ಹೊತ್ತುವ ಒಳಮೈ, ಮತ್ತು ನಿಮಿಷಗಳಲ್ಲಿ ಮುಗಿದುಹೋದ ಅವಕಾಶ. ಕ್ಯಾಂಪರ್ ವ್ಯಾನ್ ಎಂದರೆ ಇವೆಲ್ಲವೂ ಇನ್ನೂ ಚಿಕ್ಕ ಜಾಗದಲ್ಲಿ ಸೇರಿರುವ ವಾಹನ. ಹಾಗಾಗಿ ಇಲ್ಲಿ ಬೆಂಕಿ ಆರಿಸುವ ಮಾತು ಎರಡನೆಯದು, ಹುಟ್ಟದಂತೆ ನೋಡಿಕೊಳ್ಳುವ ಮಾತು ಮೊದಲನೆಯದು.

ದುಬಾರಿ ಲಿಥಿಯಂ ಬ್ಯಾಟರಿ ತಂದರೆ ಈ ಎಲ್ಲ ತಲೆನೋವು ತಪ್ಪುತ್ತದೆ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯಾಂಶ ಇದೆ, ಅದನ್ನು ಒಪ್ಪಲೇಬೇಕು. ಲಿಥಿಯಂ ಎಂಬ ಒಂದೇ ಹೆಸರಿನಡಿ ಹಲವು ರಸಾಯನಗಳಿವೆ. ಫೋನು, ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವ ಕೋಬಾಲ್ಟ್ ಬಗೆಯದು ಮಿತಿಮೀರಿ ಕಾದಾಗ ತನ್ನೊಳಗಿಂದಲೇ ಆಮ್ಲಜನಕ ಬಿಟ್ಟು ಬೆಂಕಿಗೆ ತಾನೇ ಮೇವಾಗುತ್ತದೆ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಹಾಗಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ 1997ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಜಗತ್ತಿಗೆ ಪರಿಚಯವಾದ ಈ ವಸ್ತುವಿನಲ್ಲಿ ರಂಜಕವು ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಟ್ಟಿರುತ್ತದೆ. ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ಮಲಗುವ ಹಾಸಿಗೆಯ ಕೆಳಗೆ ಲಿಥಿಯಂ ಇಡಲೇಬೇಕೆಂದರೆ ಅದು ಫಾಸ್ಫೇಟ್ ಬಗೆಯದೇ ಆಗಿರಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾಟರಿ ಹೊತ್ತಿಕೊಳ್ಳದಿರುವುದು ಒಂದು ಮಾತು, ಬ್ಯಾಟರಿಯಿಂದ ಹೊರಟ ತಂತಿ ಹೊತ್ತಿಕೊಳ್ಳದಿರುವುದು ಇನ್ನೊಂದು. ಲಿಥಿಯಂನ ಒಳತಡೆ ಸೀಸದ ಬ್ಯಾಟರಿಗಿಂತ ಕಡಿಮೆ. ಶಾರ್ಟ್ ಆದಾಗ ಅದು ಇನ್ನೂ ರಭಸದಿಂದ ಸುರಿಯುತ್ತದೆ. ಅದರೊಳಗಿನ ಬಿಎಂಎಸ್ ಎಂಬ ಕಾವಲುಗಾರ ಕಾಯುವುದು ಸೆಲ್‌ಗಳನ್ನು. ಹೊರಗಿನ ಲಗ್ ಸಡಿಲಾಗಿ ಕೆಂಪಗೆ ಕಾದಿದ್ದರೂ ಹರಿಯುತ್ತಿರುವುದು 100 ಆಂಪಿಯರ್ ಅಷ್ಟೆ, ಅದು ಬಿಎಂಎಸ್ ದೃಷ್ಟಿಯಲ್ಲಿ ಸರಿಯಾದ ಹೊರೆ. ಅದು ಬಾಗಿಲು ಹಾಕುವುದಿಲ್ಲ. ಅಂದರೆ ದುಬಾರಿ ಬ್ಯಾಟರಿ ತಂದವನಿಗೆ ತಂತಿ-ಫ್ಯೂಸುಗಳ ಹೊಣೆ ಕಡಿಮೆಯಾಗದು, ಇನ್ನಷ್ಟು ಹೆಚ್ಚುತ್ತದೆ.

ನಮ್ಮಲ್ಲಿ ಬಹಳ ಜನ ಆರಿಸಿಕೊಳ್ಳುವುದು ಮನೆಯ ಯುಪಿಎಸ್‌ಗೆ ಬಳಸುವ ಸೀಸದ ಟ್ಯೂಬ್ಯುಲರ್ ಬ್ಯಾಟರಿಯನ್ನು. ಅಗ್ಗ, ರಿಪೇರಿ ಗೊತ್ತು, ಪ್ರತಿ ಊರಲ್ಲೂ ಸಿಗುತ್ತದೆ. ಅದನ್ನು ತೆಗಳಬೇಕಾಗಿಲ್ಲ, ಅದರ ಸ್ವಭಾವ ಅರಿತಿರಬೇಕು. ಚಾರ್ಜ್ ಆಗುವಾಗ ಅದು ಜಲಜನಕ ಬಿಡುತ್ತದೆ. ಗಾಳಿಯಲ್ಲಿ ಜಲಜನಕ ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿ ಸಾಕು. ಮನೆಯ ಹಜಾರದಲ್ಲಿ ಅದು ಚದುರಿಹೋಗುತ್ತದೆ. ಮುಚ್ಚಿದ ಮಂಚದ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುತ್ತದೆ. ಜಲಜನಕ ಹಗುರವಾದ್ದರಿಂದ ಪೆಟ್ಟಿಗೆಯ ನೆತ್ತಿಯಿಂದ ವಾಹನದ ಹೊರಗೆ ನಳಿಕೆ ಇರಬೇಕು, ಇನ್ವರ್ಟರ್ ಮತ್ತು ರಿಲೇಗಳು ಅದೇ ಪೆಟ್ಟಿಗೆಯಲ್ಲಿ ಇರಬಾರದು. ಸೀಸದ ಬ್ಯಾಟರಿಯ ಇನ್ನೊಂದು ಶತ್ರು ಅರೆಹೊಟ್ಟೆ. ಕೆಲವು ತಾಸು ವಿಶ್ರಾಂತಿ ಕೊಟ್ಟು ಅಳೆದಾಗ 12.7 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಇಳಿದರೆ ಅರ್ಧ ಮುಗಿದಿದೆ. ಅರ್ಧಕ್ಕಿಂತ ಕೆಳಗೆ ಇಳಿಸುವುದು ಆಯುಷ್ಯವನ್ನು ತಿನ್ನುವುದು. ಅರೆತುಂಬಿದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಧಾರವಾಡದ ಮಟ್ಟಿಗೆ ಇದು ನೇರವಾಗಿ ಮಳೆಗಾಲದ ಸಮಸ್ಯೆ. ಚಾವಣಿಯ 200 ವಾಟ್ ಸೋಲಾರ್ ಫಲಕ ಏಪ್ರಿಲ್‌ನಲ್ಲಿ ದಿನಕ್ಕೆ 800 ವಾಟ್-ಅವರ್ ಆಸುಪಾಸು ಕೊಟ್ಟರೆ ಜುಲೈನ ಮೋಡದಲ್ಲಿ ಅದರ ಒಂದು ಪಾಲಷ್ಟೇ ಸಿಗುತ್ತದೆ. ಜೂನಿನಲ್ಲಿ ಅಂಗಳದಲ್ಲಿ ನಿಲ್ಲಿಸಿದ ವ್ಯಾನ್ ಗಣೇಶ ಚೌತಿಗೆ ತೆರೆದಾಗ ಬ್ಯಾಟರಿ ಸತ್ತಿರುವುದು ಹೀಗೆ. ನಿಲ್ಲಿಸುವ ಮೊದಲು ಸೀಸದ್ದನ್ನು ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮನೆಯ ಚಾರ್ಜರಿನಿಂದ ಮತ್ತೆ ತುಂಬಿಸಬೇಕು. ಲಿಥಿಯಂ ಆದರೆ ಅರ್ಧದಷ್ಟು ಇಟ್ಟು ಮೇನ್ ಸ್ವಿಚ್ ಕಡಿದು ಬಿಡಬೇಕು.

ಬೇಸಿಗೆಯದು ಬೇರೆ ಪಾಠ. ಸೀಸದ ಬ್ಯಾಟರಿ ಇರುವ ಜಾಗದ ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದವರು ಬಹುಕಾಲದಿಂದ ಒಪ್ಪಿರುವ ಅಂದಾಜು. ಬಾದಾಮಿಯ ಬಯಲಲ್ಲಿ ಗಾಜು ಏರಿಸಿ ನಿಲ್ಲಿಸಿದ ವ್ಯಾನಿನ ಒಳಗು ಮಧ್ಯಾಹ್ನಕ್ಕೆ 50 ಡಿಗ್ರಿ ದಾಟುವುದು ಕಷ್ಟವಲ್ಲ. ಬ್ಯಾಟರಿಯನ್ನು ಎಂಜಿನ್ನಿನ ಬಿಸಿಗೆ, ಬಿಸಿಲು ಬೀಳುವ ಬದಿಗೆ ತಾಗಿಸಿ ಇಡಬಾರದು. ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಬೇಕು, ಕೊಳಾಯಿ ನೀರು ಹಾಕಲೇಬಾರದು. ಚಲಿಸುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದ ಮನೆಬಳಕೆಯ ಬ್ಯಾಟರಿ ತುಂಬಿಸುವವರು ಇನ್ನೊಂದು ಸಂಗತಿ ಗಮನಿಸಬೇಕು. ಸೀಸದ ಬ್ಯಾಟರಿ ತುಂಬುತ್ತಾ ಬಂದಂತೆ ಕಡಿಮೆ ಎಳೆಯುತ್ತದೆ. ಲಿಥಿಯಂ ಕೊನೆಯವರೆಗೂ ಕೊಟ್ಟಷ್ಟೂ ಎಳೆಯುತ್ತದೆ. ನೇರವಾಗಿ ಕೂಡಿಸಿದರೆ ಘಟ್ಟ ಹತ್ತುವಾಗ, ಗಾಳಿ ಕಡಿಮೆ ಇರುವಾಗ, ಆಲ್ಟರ್ನೇಟರ್ ಮಿತಿಮೀರಿ ಕಾದು ಸುಟ್ಟುಹೋಗಬಹುದು. ನಡುವೆ ಡಿಸಿ-ಟು-ಡಿಸಿ ಚಾರ್ಜರ್ ಒಂದನ್ನು ಕೂರಿಸಿದರೆ ಅದು ಅಳೆದು ಕೊಡುತ್ತದೆ, ಎಂಜಿನ್ ನಿಂತಾಗ ಸ್ಟಾರ್ಟಿಂಗ್ ಬ್ಯಾಟರಿಯನ್ನು ಬೇರೆಯಾಗಿ ಉಳಿಸುತ್ತದೆ. ಅದರ ಬೆಲೆ ಹೆಚ್ಚೆನಿಸಬಹುದು. ಕಾಡಿನ ನಡುವೆ ಸ್ಟಾರ್ಟ್ ಆಗದ ವಾಹನದ ಮುಂದೆ ಆ ಬೆಲೆ ಕಡಿಮೆಯೇ.

ವ್ಯಾನಿನೊಳಗೆ 230 ವೋಲ್ಟ್ ಕೂಡ ಇರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಇನ್ವರ್ಟರಿನಿಂದಲೋ ಹೋಂಸ್ಟೇ ಅಂಗಳದ ಪ್ಲಗ್ಗಿನಿಂದಲೋ ಬರುವ ಆ ವಿದ್ಯುತ್ ಲೋಹದ ಪೆಟ್ಟಿಗೆಯೊಳಗೆ ಓಡಾಡುತ್ತದೆ. ನೆಲ, ಗೋಡೆ, ಮೆಟ್ಟಿಲು ಎಲ್ಲವೂ ತಗಡು. ಆದ್ದರಿಂದ 30 ಮಿಲಿ ಆಂಪಿಯರ್ ಸೋರಿದರೆ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಇಲ್ಲಿ ಐಚ್ಛಿಕವಲ್ಲ. ಇನ್ವರ್ಟರಿನ ನ್ಯೂಟ್ರಲ್ ಅನ್ನು ಒಂದು ಜಾಗದಲ್ಲಿ ಚಾಸಿಗೆ ಕೂಡಿಸಿರದಿದ್ದರೆ ಆರ್‌ಸಿಸಿಬಿಗೆ ಸೋರಿಕೆ ಗೊತ್ತೇ ಆಗುವುದಿಲ್ಲ. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಇದಕ್ಕಿಂತ ಆಳದಲ್ಲಿರುವುದು ವಿದ್ಯುತ್ತಿನ ಹಸಿವಿನ ಪ್ರಶ್ನೆ. 200 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಎರಡೂವರೆ ಯೂನಿಟ್ ವಿದ್ಯುತ್. ರಾತ್ರಿಯಿಡೀ ಎಸಿ ನಡೆಸಲು ಅದು ಸಾಲದು. ಸಾಲದಾದಾಗ ಜನ ಜನರೇಟರಿಗೆ ಹೋಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ವಡಗರದಲ್ಲಿ ರಸ್ತೆ ಬದಿ ನಿಂತ ಕ್ಯಾರವಾನ್ ಒಂದರಲ್ಲಿ ಎಸಿ ಹಾಕಿಕೊಂಡು ತಂಗಿದ್ದ ಇಬ್ಬರು ಸತ್ತರು. ಜನರೇಟರಿನ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ನೆಲದಲ್ಲಿದ್ದ ತೂತಿನಿಂದ ಒಳಗೆ ತುಂಬಿತ್ತು ಎಂದು ಪರೀಕ್ಷೆ ನಡೆಸಿದ ಕೋಳಿಕ್ಕೋಡಿನ ಎನ್‌ಐಟಿ ತಂಡ ಕಂಡುಕೊಂಡಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಕಿಯೂ ಇಲ್ಲದೆ, ಶಾಕೂ ಇಲ್ಲದೆ, ವಿದ್ಯುತ್ತಿನ ಲೆಕ್ಕ ತಪ್ಪಿದ ಜಾಗದಲ್ಲಿ ನಡೆದ ಸಾವು ಇದು. ಬ್ಯಾಟರಿ ಎಷ್ಟು ಕೊಡಬಲ್ಲದೋ ಅಷ್ಟಕ್ಕೆ ಬಯಕೆಯನ್ನು ಹೊಂದಿಸಿಕೊಳ್ಳುವುದೂ, ನೆಲದ ಪ್ರತಿ ತೂತನ್ನು ಮುಚ್ಚುವುದೂ, ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಒಂದನ್ನು ತಲೆದಿಂಬಿನ ಮಟ್ಟದಲ್ಲಿ ತೂಗುಹಾಕುವುದೂ ವಿದ್ಯುತ್ ಸುರಕ್ಷತೆಯ ಭಾಗವೇ.

ಎರಡನೆಯ ಆಕ್ಷೇಪ ನಮ್ಮ ಮಿಸ್ತ್ರಿಗಳ ಪರವಾಗಿ ಬರುತ್ತದೆ: ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಲಾರಿಗಳ ವೈರಿಂಗ್ ಮಾಡಿದವರಿಗೆ ಕಾಗದದ ಪಾಠ ಬೇಕೇ? ಅವರ ಕೈಚಳಕದ ಮೇಲೆ ನನಗೆ ಪೂರ್ಣ ಗೌರವವಿದೆ. ನಡುರಾತ್ರಿ ಹೆದ್ದಾರಿಯಲ್ಲಿ ನಿಂತ ಲಾರಿಯನ್ನು ಮುಂದೆ ಕಳಿಸಿದ ಕೈಗಳು ಅವು. ಆದರೆ ಲಾರಿ ಕಲಿಸಿದ ಅನುಭವ ಹತ್ತು ಆಂಪಿಯರಿನದು, ವ್ಯಾನ್ ಕೇಳುತ್ತಿರುವುದು ನೂರು ಆಂಪಿಯರಿನದನ್ನು. ಹತ್ತಕ್ಕೆ ಸರಿಹೋದ ರೂಢಿ ನೂರಕ್ಕೆ ಸರಿಹೋಗುತ್ತದೆ ಎಂದು ಅನುಭವ ಹೇಳಲಾರದು, ಲೆಕ್ಕವೇ ಹೇಳಬೇಕು. ಇದೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಮತ್ತು ಬ್ರೆಜಿಲಿನ ಮಾರ್ಕೊಪೋಲೊ ಕಂಪನಿಗಳು 2006ರ ಒಪ್ಪಂದದಂತೆ ಕಟ್ಟಿದ ಬಸ್ ಕಾರ್ಖಾನೆ ಇದೆ. ಅಂಥ ಕಾರ್ಖಾನೆಯಲ್ಲಿ ಯಾವ ತಂತಿ ಎಷ್ಟು ದಪ್ಪ, ಯಾವ ಬಣ್ಣ, ಯಾವ ಫ್ಯೂಸಿನ ಕೆಳಗೆ ಎಂಬುದು ನಕ್ಷೆಯಲ್ಲಿ ಮೊದಲು ಬರುತ್ತದೆ, ಕೈಗೆ ಆಮೇಲೆ ಬರುತ್ತದೆ. ಕಾರ್ಖಾನೆ ದಾಟಿ ಬಂದ ವಾಹನದ ಒಳಮೈ ಬಿಚ್ಚಿ ಮತ್ತೆ ಕಟ್ಟುವಾಗ ಆ ನಕ್ಷೆ ಮಾಯವಾಗುತ್ತದೆ. ಕಾನೂನು ಕೂಡ ಇದನ್ನು ಗಮನಿಸಿದೆ. ನೋಂದಣಿಯಾದ ವಾಹನವನ್ನು ಮೂಲ ಸ್ವರೂಪದಿಂದ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಮೋಟಾರು ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವೂ ಇದೆ. ಆರ್‌ಟಿಒ ಒಪ್ಪಿಗೆಯಿಲ್ಲದ ಮಾರ್ಪಾಡು ಅಪಘಾತವಾದ ದಿನ ವಿಮೆಯ ತಕರಾರಿಗೆ ದಾರಿ ಮಾಡಿಕೊಡುತ್ತದೆ.

ಊರಲ್ಲಿ ಕ್ಯಾಂಪರ್ ವ್ಯಾನುಗಳೇ ಎಷ್ಟಿವೆ, ಉಳ್ಳವರ ಹವ್ಯಾಸಕ್ಕೆ ಇಷ್ಟು ಕಾಳಜಿಯೇಕೆ ಎಂಬುದು ಮೂರನೆಯ ಆಕ್ಷೇಪ. ಎರಡನೇ ಬ್ಯಾಟರಿ ಹೊತ್ತು ಓಡಾಡುವುದು ಪ್ರವಾಸದ ವ್ಯಾನ್ ಒಂದೇ ಅಲ್ಲ. ಸಂಜೆ ದೀಪ ಹಾಕಿ ನಿಲ್ಲುವ ಗಿರಮಿಟ್-ಮಿರ್ಚಿಯ ಗಾಡಿ, ಫ್ರಿಜ್ ಇಟ್ಟುಕೊಂಡ ಐಸ್‌ಕ್ರೀಮ್ ವಾಹನ, ವೆಂಟಿಲೇಟರ್ ನಡೆಸುವ ಆಂಬುಲೆನ್ಸ್, ಹಳ್ಳಿಗೆ ಹೋಗುವ ಸಂಚಾರಿ ಆಸ್ಪತ್ರೆ, ಸವದತ್ತಿ ಎಲ್ಲಮ್ಮನಿಗೂ ಪಂಢರಪುರಕ್ಕೂ ಹೊರಟ ಯಾತ್ರೆಯ ಟೆಂಪೊ, ಇವೆಲ್ಲವೂ ಇದೇ ಹನ್ನೆರಡು ವೋಲ್ಟಿನ ಮೇಲೆ ಇನ್ವರ್ಟರ್ ಕೂರಿಸಿಕೊಂಡಿರುವ ವಾಹನಗಳು. ಇವುಗಳಲ್ಲಿ ಹೆಚ್ಚಿನವು ಉಳ್ಳವರವಲ್ಲ. ಬಹಳ ಸಲ ಆ ಗಾಡಿಯೇ ಒಂದು ಮನೆಯ ಇಡೀ ಆಸ್ತಿ. ಖರ್ಚಿನ ಮಾತಿಗೆ ಬಂದರೆ, ದಪ್ಪ ತಂತಿ, ಒಳ್ಳೆಯ ಲಗ್, ಡಿಸಿ ಫ್ಯೂಸ್, ಗ್ರಾಮೆಟ್‌ಗಳಿಗೆ ತಗಲುವುದು ಬ್ಯಾಟರಿ ಮತ್ತು ಇನ್ವರ್ಟರಿಗೆ ಸುರಿದ ಹಣದ ಚಿಕ್ಕ ಪಾಲು. ಆ ಪಾಲು ಕಣ್ಣಿಗೆ ಕಾಣುವುದಿಲ್ಲ, ಹಲಗೆಯ ಹಿಂದೆ ಹೋಗುತ್ತದೆ. ಉಳಿತಾಯದ ಕತ್ತರಿ ಮೊದಲು ಬೀಳುವುದೂ ಅದಕ್ಕೇ ಅಲ್ಲಿ. 24 ವೋಲ್ಟಿಗೆ ಹೋದರೆ ಆಂಪಿಯರ್ ಅರ್ಧವಾಗುತ್ತದೆ, ತಂತಿಯ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬ ಸಲಹೆಯೂ ಸರಿಯೇ, ಹೊಸದಾಗಿ ಕಟ್ಟುವವರು ಯೋಚಿಸಬೇಕಾದದ್ದೇ. ಆದರೂ ಸಡಿಲ ಬೋಲ್ಟ್ 24 ವೋಲ್ಟಿನಲ್ಲೂ ಸಡಿಲ ಬೋಲ್ಟೇ.

ಇಟ್ಟುಕೊಳ್ಳಬೇಕಾದ ಅಭ್ಯಾಸ ತಿಂಗಳಿಗೆ ಅರ್ಧ ತಾಸಿನದು. ಒಲೆಯನ್ನು ಹತ್ತು ನಿಮಿಷ ಉರಿಸಿ, ಆಫ್ ಮಾಡಿ, ಬ್ಯಾಟರಿ, ಫ್ಯೂಸ್, ಇನ್ವರ್ಟರಿನ ಪ್ರತಿ ಕೂಡುಜಾಗದ ಹತ್ತಿರ ಹಿಂಗೈ ಒಯ್ದು ನೋಡುವುದು. ತಂತಿಗಿಂತ ಲಗ್ ಹೆಚ್ಚು ಬಿಸಿ ಇದ್ದರೆ ದೋಷ ಅಲ್ಲೇ ಇದೆ. ಕಿಲುಬನ್ನು ಅಡುಗೆ ಸೋಡಾದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರುವುದು. ಕೈ ಹಾಕುವ ಮೊದಲು ಉಂಗುರ, ಬಳೆ, ಕೈಗಡಿಯಾರ ತೆಗೆದಿಡುವುದು, ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತುವುದು, ಬಿಚ್ಚುವಾಗ ಮೊದಲು ನೆಗೆಟಿವ್ ಬಿಚ್ಚುವುದು. ಎರಡು ಟರ್ಮಿನಲ್ ನಡುವೆ ಸಿಕ್ಕಿಕೊಂಡ ಉಂಗುರ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಆಗ ಅದು ಬೆರಳಿನಿಂದ ಬರುವುದಿಲ್ಲ. ಲಿಥಿಯಂ ಇದ್ದವರು ವೋಲ್ಟ್ ಮೀಟರ್ ನಂಬದೆ ಒಳಹೋದ ಮತ್ತು ಹೊರಬಂದ ಆಂಪಿಯರನ್ನು ಎಣಿಸುವ ಶಂಟ್ ಮೀಟರ್ ಹಾಕಿಸಬೇಕು. ಅದರ ವೋಲ್ಟ್ ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿ ನಿಂತು ಕೊನೆಗೆ ದಿಢೀರನೆ ಬೀಳುತ್ತದೆ. ಐಎಸ್‌ಐ ಗುರುತಿನ ಅಗ್ನಿಶಾಮಕ ಬಾಗಿಲ ಬಳಿ ಇರಲಿ, ಮಲಗುವ ಜಾಗದಿಂದ ಹೊರಬೀಳಲು ಎರಡನೇ ದಾರಿ ಇರಲಿ, ಮತ್ತು ಲಿಥಿಯಂ ಬ್ಯಾಟರಿಯೇ ಹೊಗೆ ಬಿಟ್ಟರೆ ಆರಿಸಲು ನಿಲ್ಲದೆ ಎಲ್ಲರೂ ಇಳಿದು 112ಕ್ಕೆ ಕರೆ ಮಾಡುವುದು ಎಂಬ ಒಪ್ಪಂದ ಮನೆಯವರೆಲ್ಲರ ನಡುವೆ ಮೊದಲೇ ಆಗಿರಲಿ.

ಇವೆಲ್ಲವನ್ನೂ ಮೀರಿ ಒಂದು ಬೇಡಿಕೆಯಿದೆ, ಅದು ಮಾಲೀಕರಿಗೂ ಮಿಸ್ತ್ರಿಗೂ ಕೂಡಿಯೇ. ಕೆಲಸ ಮುಗಿದ ದಿನ ಒಂದು ಹಾಳೆಯ ಮೇಲೆ ವ್ಯಾನಿನ ವೈರಿಂಗ್ ನಕ್ಷೆ ಬರೆಯಿರಿ. ಯಾವ ತಂತಿ ಎಷ್ಟು ಸ್ಕ್ವೇರ್, ಯಾವ ಫ್ಯೂಸ್ ಎಷ್ಟು ಆಂಪಿಯರ್, ಮೇನ್ ಸ್ವಿಚ್ ಎಲ್ಲಿದೆ, ಕೆಲಸ ಮಾಡಿದ ದಿನಾಂಕ, ಮಾಡಿದವರ ಸಹಿ. ಅದನ್ನು ಪ್ಲಾಸ್ಟಿಕ್ ಹೊದಿಸಿ ಬಾಗಿಲ ಒಳಬದಿಗೆ ಅಂಟಿಸಿ. ಬರೆಯಲು ಕೂತಾಗಲೇ ಲೆಕ್ಕ ಮಾಡಬೇಕಾಗುತ್ತದೆ, ಲೆಕ್ಕ ಮಾಡಿದಾಗಲೇ ಎರಡೂವರೆ ಸ್ಕ್ವೇರ್ ಸಾಲದೆಂದು ತಿಳಿಯುತ್ತದೆ. ಈ ಊರಿನಲ್ಲಿ ಐಟಿಐಗಳಿವೆ, ಎಂಜಿನಿಯರಿಂಗ್ ಕಾಲೇಜುಗಳಿವೆ, 2016ರಿಂದ ಐಐಟಿ ಇದೆ, ಬಸ್ಸು ಕಟ್ಟುವ ಕಾರ್ಖಾನೆ ಇದೆ. ಗ್ಯಾರೇಜಿನ ಹುಡುಗರಿಗೆ ವಾಹನದ ಡಿಸಿ ವೈರಿಂಗ್ ಕುರಿತು ಒಂದು ವಾರದ ತರಬೇತಿ ನಡೆಸಲು ಇಷ್ಟು ಬಲ ಧಾರಾಳವಾಗಿ ಸಾಕು. ಬ್ಯಾಟರಿ ಮುಟ್ಟಿದರೆ ಶಾಕ್ ಹೊಡೆಯದು ಎಂದು ಮೊದಲ ವಾರ ಕಲಿತ ಹುಡುಗನಿಗೆ, ಆ ಬ್ಯಾಟರಿಯ ಮೇಲೆ ಸಡಿಲ ಬಿಟ್ಟ ಒಂದು ಬೋಲ್ಟ್ ನೂರು ವಾಟ್‌ನ ಬಲ್ಬಿನಷ್ಟು ಕಾಯುತ್ತದೆ ಎಂಬುದನ್ನು ಎರಡನೇ ವಾರ ಕಲಿಸಿದರೆ, ಹಾಸಿಗೆಯ ಮೇಲೆ ಮಲಗುವ ಮಕ್ಕಳ ರಾತ್ರಿ ನೆಮ್ಮದಿಯಿಂದ ಕಳೆಯುತ್ತದೆ.